ಲಿಫ್ಟ್ ಮಾಡಿದ ಜಿಪ್ಸಿ ರಸ್ತೆಯಲ್ಲಿ ಅಲೆದಾಡುವುದು, ನಡುಗುವುದು ಏಕೆ? ಸಸ್ಪೆನ್ಷನ್ ದೋಷ ನಿವಾರಣೆ ಕೈಪಿಡಿ

ಮಾರುತಿ ಜಿಪ್ಸಿ ಮತ್ತು ಹಳೆಯ ಮಹೀಂದ್ರ ಜೀಪುಗಳ ಸಸ್ಪೆನ್ಷನ್ ರಚನೆ ಸರಳವಾದುದು. ಹಿಂದೆ ಮುಂದೆ ಎರಡೂ ಕಡೆ ಗಟ್ಟಿ ಆಕ್ಸಲ್, ನಾಲ್ಕು ಮೂಲೆಗೂ ಲೀಫ್ ಸ್ಪ್ರಿಂಗ್, ಅಂದರೆ ಗ್ಯಾರೇಜಿನ ಮಾತಿನಲ್ಲಿ ಕಮಾನು ಪಟ್ಟಿ. ಶ್ಯಾಕಲ್ (ಕಮಾನಿನ ಒಂದು ತುದಿಯನ್ನು ಚಾಸಿಸ್ಸಿಗೆ ಜೋಡಿಸುವ ಕೊಂಡಿ) ಉದ್ದ ಮಾಡಿಸಿದರೆ, ಒಂದು ಪಟ್ಟಿ ಹೆಚ್ಚಿಗೆ ಸೇರಿಸಿದರೆ ಗಾಡಿ ಏಳುತ್ತದೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಾದ್ದರಿಂದ, ಸಕಲೇಶಪುರ, ಮೂಡಿಗೆರೆ, ಮಡಿಕೇರಿ ಕಡೆಯ ತೋಟದ ದಾರಿಗಳಲ್ಲಿ ಗಾಡಿ ಓಡಿಸುವವರು ಕಡಿಮೆ ಖರ್ಚಿನಲ್ಲಿ ಈ ಕೆಲಸಕ್ಕೆ ಕೈಹಾಕುವುದು ಸಹಜವೇ ಆಗಿದೆ. ಎತ್ತರಿಸಿದ ಮೇಲೆ ಬರುವ ದೂರುಗಳು ಬಹುಮಟ್ಟಿಗೆ ಒಂದೇ ಬಗೆಯವು. ಸ್ಟೀರಿಂಗ್ ನೇರ ನಿಲ್ಲುವುದಿಲ್ಲ, ಟಾರು ರಸ್ತೆಯಲ್ಲಿ ವೇಗ ಹೆಚ್ಚಿದಂತೆ ಕಾಲಡಿಯ ತಗಡು ನಡುಗುತ್ತದೆ, ಗುಂಡಿಗೆ ಇಳಿದರೆ ಟಕ್ ಎಂದು ಲೋಹಕ್ಕೆ ಲೋಹ ಬಡಿಯುತ್ತದೆ.

ಇವುಗಳಲ್ಲಿ ಹೆಚ್ಚಿನವು ಎತ್ತರದ ದೋಷಗಳಲ್ಲ, ಕೋನದ ದೋಷಗಳು. ಎರಡು ಇಂಚು ಎತ್ತರದಿಂದ ಗಾಡಿ ಕೆಡುವುದಿಲ್ಲ. ಎತ್ತರ ಪಡೆಯುವ ದಾರಿಯಲ್ಲಿ ಆಕ್ಸಲ್ ತಿರುಗಿಬಿಟ್ಟರೆ ಕೆಡುತ್ತದೆ. ಆದ್ದರಿಂದ ಹೊಸ ಬಿಡಿಭಾಗ ಕೊಳ್ಳುವ ಮುನ್ನ ದೋಷ ಯಾವಾಗ ಕಾಣಿಸುತ್ತದೆ (ಯಾವ ವೇಗದಲ್ಲಿ, ಎಕ್ಸಲರೇಟರ್ ಒತ್ತಿದಾಗಲೋ ಬಿಟ್ಟಾಗಲೋ, ಬ್ರೇಕ್ ಹಿಡಿದಾಗಲೋ, ತಿರುವಿನಲ್ಲೋ) ಎಂದು ಬರೆದಿಟ್ಟುಕೊಂಡು, ಆಮೇಲೆ ಅಳತೆಗೆ ಇಳಿಯುವುದು ಅಗ್ಗದ ದಾರಿ. ಈ ಕೈಪಿಡಿ ಸುಮಾರು 50 ಮಿ.ಮೀ. ವರೆಗಿನ ಲಿಫ್ಟ್‌ಗೆ ಅನ್ವಯಿಸುತ್ತದೆ. ಜಿಪ್ಸಿಯಲ್ಲಿ ಆಕ್ಸಲಿನ ಕೆಳಗಿರುವ ಕಮಾನನ್ನು ಮೇಲಕ್ಕೆ ತಂದು ಕೂರಿಸಿ ಒಮ್ಮೆಗೇ ಐದು ಇಂಚಿನ ಆಸುಪಾಸು ಏರಿಸುವ ಕೆಲಸದಲ್ಲಿ ಸ್ಟೀರಿಂಗ್, ಬ್ರೇಕ್, ಶಾಫ್ಟ್ ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕಾಗುತ್ತದೆ. ಅದನ್ನು ಕಡಿಮೆ ಖರ್ಚಿನ ಕೆಲಸವೆಂದು ಕರೆಯಲಾಗದು.

ಗಾಡಿಯ ಕೆಳಗೆ ಹೋಗುವ ಮುನ್ನ

ಜಾಕ್ ಇರುವುದು ಎತ್ತುವುದಕ್ಕೆ, ಹೊತ್ತು ನಿಲ್ಲುವುದಕ್ಕಲ್ಲ. ಚಾಸಿಸ್ ಕೆಳಗೆ ಎರಡು ಸ್ಟ್ಯಾಂಡ್ ಇಟ್ಟು, ಗಾಡಿಯನ್ನು ಅವುಗಳ ಮೇಲೆ ಇಳಿಸಿ, ಕೈಯಿಂದ ಜೋರಾಗಿ ಅಲುಗಾಡಿಸಿ ನೋಡಿದ ಮೇಲೆಯೇ ಕೆಳಗೆ ಹೋಗಬೇಕು. ಸಿಮೆಂಟ್ ಇಟ್ಟಿಗೆ ಮತ್ತು ಸೈಜುಗಲ್ಲುಗಳು ಯಾವ ಸೂಚನೆಯನ್ನೂ ಕೊಡದೆ ಸೀಳುವುದರಿಂದ ಅವುಗಳನ್ನು ಬಳಸಲೇಬಾರದು. ಇನ್ನೊಂದು ಅಪಾಯ ಅನೇಕರ ಗಮನಕ್ಕೆ ಬರುವುದಿಲ್ಲ. ಕೆಲವು ಹಳೆಯ ಜೀಪುಗಳ ಹ್ಯಾಂಡ್‌ಬ್ರೇಕ್ ಚಕ್ರವನ್ನು ಹಿಡಿಯುವುದಿಲ್ಲ, ಟ್ರಾನ್ಸ್‌ಫರ್ ಕೇಸಿನ (ಎಂಜಿನ್ನಿನ ಬಲವನ್ನು ಹಿಂದಿನ ಮುಂದಿನ ಆಕ್ಸಲುಗಳಿಗೆ ಹಂಚುವ ಪೆಟ್ಟಿಗೆ) ಹಿಂದೆ, ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟನ್ನು ಹಿಡಿಯುತ್ತದೆ. ಅಂಥ ಗಾಡಿಯ ಹಿಂದಿನ ಒಂದೇ ಚಕ್ರವನ್ನು ನೆಲದಿಂದ ಎತ್ತಿದರೆ, ಡಿಫರೆನ್ಷಿಯಲ್ (ಎರಡು ಬದಿಯ ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರುಗಳು) ಮೂಲಕ ಆ ಚಕ್ರ ಹಿಂದಕ್ಕೆ ತಿರುಗಿ ನೆಲದ ಮೇಲಿರುವ ಚಕ್ರವನ್ನು ಮುಂದಕ್ಕೆ ಉರುಳಲು ಬಿಡುತ್ತದೆ. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದಿದ್ದರೂ ಗಾಡಿ ಜಾಕಿನಿಂದ ಜಾರುತ್ತದೆ. ನೆಲದ ಮೇಲಿರುವ ಎಲ್ಲ ಚಕ್ರಗಳಿಗೂ ಎರಡೂ ಬದಿ ಮರದ ಅಡೆ ಕೊಡುವುದೊಂದೇ ಇದಕ್ಕೆ ಉಪಾಯ.

ಮೊದಲ ಅಳತೆ

ಸಮತಟ್ಟಾದ ಸಿಮೆಂಟ್ ನೆಲದ ಮೇಲೆ, ನಾಲ್ಕೂ ಟೈರಿನ ಗಾಳಿ ಸಮ ಮಾಡಿ, ಹಬ್ಬಿನ ನಡುಬಿಂದುವಿನಿಂದ ಮಡ್‌ಗಾರ್ಡಿನ ಅಂಚಿನವರೆಗೆ ನಾಲ್ಕು ಮೂಲೆಯನ್ನೂ ಅಳೆಯಿರಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಲೆಕ್ಕಕ್ಕೆ ಸೇರಿಬಿಡುತ್ತದೆ. ನಂತರ ಕಮಾನಿನ ಎರಡು ಕಣ್ಣುಗಳ ನಡುವೆ ನೂಲು ಎಳೆದು, ನೂಲಿನಿಂದ ಮುಖ್ಯ ಪಟ್ಟಿಯ ನಡುವಿನವರೆಗಿನ ಅಂತರವನ್ನು ಎಡಬಲಗಳಲ್ಲಿ ಹೋಲಿಸಿ ನೋಡಬೇಕು.

ಈ ಅಳತೆಯಿಂದ ಹಲವು ಸಲ ತಿಳಿಯುವುದೇನೆಂದರೆ, ಲಿಫ್ಟ್ ಬೇಕು ಎಂದು ಬಂದ ಗಾಡಿಗೆ ನಿಜಕ್ಕೂ ಬೇಕಿರುವುದು ಅದು ಕಳೆದುಕೊಂಡ ಎತ್ತರ. ಜಿಪ್ಸಿ ಮಾರುಕಟ್ಟೆಗೆ ಬಂದದ್ದು 1985ರಲ್ಲಿ. ಈಗ ಕೈ ಬದಲಾಗುತ್ತಿರುವ ಗಾಡಿಗಳ ಕಮಾನುಗಳು ವರ್ಷಗಟ್ಟಲೆ ಭಾರ ಹೊತ್ತು ಚಪ್ಪಟೆಯಾಗಿರುವುದೇ ಹೆಚ್ಚು. ಅಂಥ ಕಮಾನಿನ ಮೇಲೆ ಉದ್ದದ ಶ್ಯಾಕಲ್ ಹಾಕುವುದಕ್ಕಿಂತ ಹೊಸ ಕಮಾನು ಹಾಕಿಸುವುದು, ಇಲ್ಲವೇ ಒಳ್ಳೆಯ ಕಮಾನು ಅಂಗಡಿಯಲ್ಲಿ ಇರುವುದನ್ನೇ ಮತ್ತೆ ಬಾಗಿಸಿ ಒಂದು ಪಟ್ಟಿ ಸೇರಿಸುವುದು ಉತ್ತಮ. ಏಕೆಂದರೆ ಇದರಲ್ಲಿ ಎತ್ತರ ಬರುತ್ತದೆ, ಆಕ್ಸಲಿನ ಕೋನ ಬಹುಮಟ್ಟಿಗೆ ಮೊದಲಿನಂತೆಯೇ ಉಳಿಯುತ್ತದೆ. ಆದರೆ ಗ್ಯಾಸ್ ಟಾರ್ಚಿನಿಂದ ಕೆಂಪಗೆ ಕಾಯಿಸಿ ಬಗ್ಗಿಸುವವರ ಕೈಗೆ ಕೊಡಬೇಡಿ. ಕಾಯಿಸಿದ ಉಕ್ಕಿಗೆ ಮತ್ತೆ ಸರಿಯಾದ ಹದ ಕೊಡದಿದ್ದರೆ ಪಟ್ಟಿ ಬೇಗನೆ ಕುಸಿಯುತ್ತದೆ ಅಥವಾ ಪಟ್ಟಿಗಳನ್ನು ನಡುವೆ ಹಿಡಿದಿಡುವ ಸೆಂಟರ್ ಬೋಲ್ಟಿನ ತೂತಿನ ಬಳಿ ತುಂಡಾಗುತ್ತದೆ. ಬಿಚ್ಚಿದಾಗ ಆ ತೂತಿನ ಸುತ್ತ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಸೀಮೆಎಣ್ಣೆಯಿಂದ ಒರೆಸಿ ನೋಡಿ. ಪಟ್ಟಿಗೆ ವೆಲ್ಡಿಂಗ್ ಮಾಡಿಸುವುದಂತೂ ಕೂಡದು.

ದೋಷ ಒಂದು: ಸ್ಟೀರಿಂಗ್ ಅಲೆದಾಟ

ಲಕ್ಷಣ ಸ್ಪಷ್ಟವಾಗಿರುತ್ತದೆ. ಸ್ಟೀರಿಂಗ್ ಮೊದಲಿಗಿಂತ ಹಗುರವಾಗಿರುತ್ತದೆ, ತಿರುವು ಮುಗಿದ ಮೇಲೆ ಚಕ್ರ ತಾನಾಗಿ ನೇರಕ್ಕೆ ಮರಳುವುದಿಲ್ಲ, ನೇರ ರಸ್ತೆಯಲ್ಲೂ ಗಾಡಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹರಿದಾಡುವುದರಿಂದ ಚಾಲಕ ನಿರಂತರವಾಗಿ ಸರಿಪಡಿಸುತ್ತಲೇ ಇರಬೇಕಾಗುತ್ತದೆ. ಇದರ ಕಾರಣ ಬಹುತೇಕ ಕ್ಯಾಸ್ಟರ್ ಕೋನದ ನಷ್ಟ. ಸೈಕಲ್ಲಿನ ಮುಂದಿನ ಫೋರ್ಕ್ ಮೇಲ್ತುದಿಯಲ್ಲಿ ಹಿಂದಕ್ಕೆ ವಾಲಿರುವಂತೆ, ಗಾಡಿಯ ಕಿಂಗ್ ಪಿನ್ನಿನ (ಮುಂದಿನ ಚಕ್ರ ಎಡಬಲಕ್ಕೆ ತಿರುಗುವ ಕೀಲಿನ) ಮೇಲ್ತುದಿಯೂ ಕೆಲವು ಡಿಗ್ರಿ ಹಿಂದಕ್ಕೆ ವಾಲಿರಬೇಕು. ಆ ವಾಲುವಿಕೆಯೇ ಕ್ಯಾಸ್ಟರ್, ಅದೇ ಚಕ್ರವನ್ನು ನೇರಕ್ಕೆ ಎಳೆದು ತರುತ್ತದೆ.

ಜಿಪ್ಸಿಯಲ್ಲಿ ಮುಂದಿನ ಕಮಾನಿನ ಶ್ಯಾಕಲ್ ಇರುವುದು ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದಾಗ ಕಮಾನಿನ ಮುಂತುದಿ ಮಾತ್ರ ಚಾಸಿಸ್ಸಿನಿಂದ ಕೆಳಗಿಳಿಯುತ್ತದೆ, ಹಿಂತುದಿ ಇದ್ದಲ್ಲೇ ಇರುತ್ತದೆ. ಹೀಗಾಗಿ ಕಮಾನಿನ ಜೊತೆ ಆಕ್ಸಲ್ ಕೂಡ ಮುಂದಕ್ಕೆ ಉರುಳಿ, ಕಿಂಗ್ ಪಿನ್ನಿನ ಮೇಲ್ತುದಿ ಮುಂದಕ್ಕೆ ಬರುತ್ತದೆ. ಎಷ್ಟು ಎಂಬುದಕ್ಕೆ ಒಂದು ಲೆಕ್ಕ ಮಾಡಿ ನೋಡೋಣ. ಕಣ್ಣಿನಿಂದ ಕಣ್ಣಿಗೆ 900 ಮಿ.ಮೀ. ಇರುವ ಕಮಾನಿನ ಒಂದು ತುದಿಯನ್ನು 50 ಮಿ.ಮೀ. ಇಳಿಸಿದರೆ ಅದು ಸುಮಾರು 3 ಡಿಗ್ರಿ ವಾಲುತ್ತದೆ, ಆದರೆ ನಡುವಿನಲ್ಲಿರುವ ಆಕ್ಸಲಿಗೆ ಸಿಗುವ ಎತ್ತರ ಅದರ ಅರ್ಧ, ಅಂದರೆ ಬರೀ 25 ಮಿ.ಮೀ. ಒಟ್ಟು ಕ್ಯಾಸ್ಟರ್ ಇರುವುದೇ ಮೂರು ನಾಲ್ಕು ಡಿಗ್ರಿ ಆಗಿರುವಾಗ, ಒಂದು ಇಂಚು ಎತ್ತರಕ್ಕೆ ಅದನ್ನೆಲ್ಲ ತೆತ್ತಂತಾಯಿತು. ಮುಂದಿನ ಕಮಾನಿಗೆ ಉದ್ದದ ಶ್ಯಾಕಲ್ ಹಾಕುವುದು ಲಿಫ್ಟ್ ವಿಧಾನಗಳಲ್ಲೆಲ್ಲ ಅತ್ಯಂತ ಅಗ್ಗದ್ದು ಹೌದು, ಆದರೆ ನನ್ನ ಲೆಕ್ಕದಲ್ಲಿ ಅತ್ಯಂತ ದುಬಾರಿಯೂ ಅದೇ.

ಪರೀಕ್ಷೆಗೆ ಮೊಬೈಲಿನ ಕೋನಮಾಪಕ ಸಾಕು. ನಕಲ್ (ಕಿಂಗ್ ಪಿನ್ ಮೇಲೆ ತಿರುಗುವ, ಚಕ್ರ ಹೊತ್ತ ಭಾಗ) ಮೇಲಿನ ಕಿಂಗ್ ಪಿನ್ ಮುಚ್ಚಳದ ಚಪ್ಪಟೆ ಭಾಗವನ್ನು ಚೆನ್ನಾಗಿ ಒರೆಸಿ, ಹಿಂದುಮುಂದಿನ ದಿಕ್ಕಿನಲ್ಲಿ ಕೋನ ಓದಿ. ಲಿಫ್ಟ್‌ಗೆ ಮುನ್ನ ಓದಿಟ್ಟ ಸಂಖ್ಯೆ ಇದ್ದರೆ ವ್ಯತ್ಯಾಸವೇ ನಷ್ಟವಾದ ಕ್ಯಾಸ್ಟರ್. ಇಲ್ಲದಿದ್ದರೆ ವ್ಹೀಲ್ ಅಲೈನ್‌ಮೆಂಟ್ ಅಂಗಡಿಯಲ್ಲಿ ಕ್ಯಾಸ್ಟರ್ ಓದನ್ನೂ ಮುದ್ರಿಸಿಕೊಡಲು ಕೇಳಬೇಕು. ಗಟ್ಟಿ ಆಕ್ಸಲಿನ ಗಾಡಿಯಲ್ಲಿ ಎರಡು ಮುಂಚಕ್ರಗಳನ್ನು ಜೋಡಿಸುವ ಟೈ ರಾಡ್ ಆಕ್ಸಲಿನ ಜೊತೆಯಲ್ಲೇ ಏರಿಳಿಯುವುದರಿಂದ ಲಿಫ್ಟ್‌ನಿಂದ ಟೋ (ಮೇಲಿನಿಂದ ನೋಡಿದಾಗ ಚಕ್ರಗಳು ಒಳಕ್ಕೆ ಅಥವಾ ಹೊರಕ್ಕೆ ತಿರುಗಿರುವ ಪ್ರಮಾಣ) ಬದಲಾಗುವುದಿಲ್ಲ. ಟೋ ಹೊಂದಿಸಿ ಕಳಿಸಿದರೆ ಅಲೆದಾಟ ಹಾಗೆಯೇ ಉಳಿಯುತ್ತದೆ, ದುಡ್ಡು ಮಾತ್ರ ಹೋಗುತ್ತದೆ.

ಪರಿಹಾರವೆಂದರೆ ಕಮಾನು ಮತ್ತು ಆಕ್ಸಲಿನ ಪ್ಯಾಡ್ ನಡುವೆ ಉಕ್ಕಿನ ಬೆಣೆ ಕೂರಿಸುವುದು. ಆಕ್ಸಲ್ ಕಮಾನಿನ ಮೇಲೆ ಕೂತಿರುವ ಜಿಪ್ಸಿಯ ಮುಂಭಾಗದಲ್ಲಿ ಬೆಣೆಯ ದಪ್ಪ ಬದಿ ಮುಂದಕ್ಕಿರಬೇಕು. ಆಗ ಪ್ಯಾಡಿನ ಮುಂಬದಿ ಎದ್ದು ಕಿಂಗ್ ಪಿನ್ ಹಿಂದಕ್ಕೆ ವಾಲುತ್ತದೆ. ಕಮಾನು ಆಕ್ಸಲಿನ ಮೇಲಿರುವ ಗಾಡಿಯಲ್ಲಿ ಇದು ತಿರುವುಮುರುವು. ಬೆಣೆಯನ್ನು ಉಲ್ಟಾ ಹಾಕಿ, ಅಲೆದಾಟ ಇಮ್ಮಡಿಯಾಯಿತೆಂದು ಸ್ಟೀರಿಂಗ್ ಬಾಕ್ಸ್ ಬದಲಾಯಿಸಿದ ಪ್ರಸಂಗಗಳೂ ಇವೆ. ಅಲ್ಯೂಮಿನಿಯಂ ಬೆಣೆ ಅಗ್ಗ, ಆದರೆ ಕಲ್ಲುಬಂಡೆಯ ದಾರಿಯ ಏಟಿಗೆ ಸೀಳಿ ಉದುರುತ್ತದೆ. ಉದುರಿದರೆ ಆಕ್ಸಲನ್ನು ಕಮಾನಿಗೆ ಬಿಗಿದಿಡುವ ಯೂ-ಬೋಲ್ಟ್ ಸಡಿಲಾಗಿ ಆಕ್ಸಲೇ ಜಾಗ ಬಿಡುತ್ತದೆ. ಬೆಣೆಯ ದಪ್ಪಕ್ಕೆ ತಕ್ಕಂತೆ ಸೆಂಟರ್ ಬೋಲ್ಟ್ ಕೂಡ ಉದ್ದದ್ದು ಬೇಕು, ಅದರ ತಲೆ ಪ್ಯಾಡಿನ ತೂತಿನಲ್ಲಿ ಪೂರ್ತಿ ಕೂತಿರಬೇಕು. ಕ್ಯಾಸ್ಟರ್ ಮರಳಿ ಬಂದಷ್ಟೂ ಮುಂದಿನ ಪಿನಿಯನ್ ಮೂತಿ (ಡಿಫರೆನ್ಷಿಯಲ್ಲಿಗೆ ಶಾಫ್ಟ್ ಸೇರುವ ತುದಿ) ಕೆಳಗಾಗಿ ಶಾಫ್ಟಿನ ಕೋನ ಹದಗೆಡುತ್ತದೆ ಎಂಬ ತೊಡಕು ಇದ್ದೇ ಇದೆ. ಆದರೆ ಫ್ರೀ ವ್ಹೀಲ್ ಹಬ್ (ಮುಂದಿನ ಚಕ್ರವನ್ನು ಅದರ ಶಾಫ್ಟಿಗೆ ಜೋಡಿಸುವ, ಬಿಡಿಸುವ ಕೊಂಡಿ) ಬಿಡಿಸಿಟ್ಟು ಓಡಿಸುವಾಗ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲವಾದ್ದರಿಂದ ರಸ್ತೆಯ ಮಟ್ಟಿಗೆ ಸ್ಟೀರಿಂಗಿಗೇ ಮೊದಲ ಮನ್ನಣೆ ಕೊಡಬೇಕು.

ಮುಂದಿನ ಆಕ್ಸಲಿಗೆ ಎತ್ತರದ ಬ್ಲಾಕ್ (ಕಮಾನು ಮತ್ತು ಆಕ್ಸಲಿನ ನಡುವಿನ ಲೋಹದ ತುಂಡು) ಇಟ್ಟು ಏರಿಸುವುದನ್ನು ಎಲ್ಲಾದರೂ ಕಂಡರೆ ಬಿಚ್ಚಿಸಿಬಿಡಿ. ಬ್ರೇಕಿನ ಪೂರ್ಣ ಬಲ ಮುಂದಿನ ಆಕ್ಸಲಿನ ಮೇಲೆ ಬೀಳುವಾಗ ಬ್ಲಾಕ್ ಜಾರಿದರೆ ಸ್ಟೀರಿಂಗ್ ಸಂಪೂರ್ಣ ಕೈತಪ್ಪುತ್ತದೆ.

ಸ್ಟೀರಿಂಗ್ ವ್ಹೀಲ್ ಓರೆಯಾಗಿ ನಿಲ್ಲುವುದು ಬೇರೆಯೇ ಸಂಗತಿ, ಚಿಕ್ಕದು. ಗಾಡಿ ಎದ್ದಾಗ ಡ್ರ್ಯಾಗ್ ಲಿಂಕ್ (ಸ್ಟೀರಿಂಗ್ ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ಸರಳು) ಇಳಿಜಾರಾಗಿ ಚಕ್ರಗಳನ್ನು ಒಂದು ಬದಿಗೆ ಎಳೆಯುತ್ತದೆ. ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ಇದನ್ನು ಸರಿಪಡಿಸಬೇಕೇ ಹೊರತು ಸ್ಟೀರಿಂಗ್ ವ್ಹೀಲನ್ನೇ ಕಿತ್ತು ನೇರ ಕೂರಿಸಬಾರದು. ಹಾಗೆ ಮಾಡಿದರೆ ಸ್ಟೀರಿಂಗ್ ಬಾಕ್ಸ್ ತನ್ನ ನಡುಬಿಂದುವಿನಲ್ಲಿ ಕೆಲಸ ಮಾಡದೆ, ನೇರ ಓಟದಲ್ಲಿ ಸಡಿಲು ಹೆಚ್ಚುತ್ತದೆ. ಲಿಂಕ್ ತೀರಾ ಓರೆಯಾಗಿದ್ದರೆ ಹಂಪ್ ಏರಿದಾಗಲೆಲ್ಲ ಗಾಡಿ ಒಂದೇ ಬದಿಗೆ ಜಗ್ಗುತ್ತದೆ.

ಸುಮಾರು 50ರಿಂದ 70 ಕಿ.ಮೀ. ವೇಗದಲ್ಲಿ ಒಂದು ಗುಂಡಿ ತಾಗಿದೊಡನೆ ಮುಂದಿನ ಚಕ್ರಗಳೆರಡೂ ರಭಸದಿಂದ ಒದರಾಡಿ, ಗಾಡಿ ನಿಲ್ಲಿಸುವವರೆಗೆ ಬಿಡದಿರುವುದು ಅಲೆದಾಟಕ್ಕಿಂತ ಗಂಭೀರ. ಇಲ್ಲಿ ಲಿಫ್ಟ್ ಮೂಲ ಕಾರಣವಲ್ಲ, ಮೊದಲೇ ಇದ್ದ ಸವೆತವನ್ನು ಹೊರಗೆಳೆದ ನೆಪ. ಚಕ್ರವನ್ನು ನೆಲದಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಸಡಿಲು ಕಂಡರೆ ಕಿಂಗ್ ಪಿನ್ ಬೇರಿಂಗ್ ಅಥವಾ ವ್ಹೀಲ್ ಬೇರಿಂಗ್, ಎಡಬಲಕ್ಕೆ ಕಂಡರೆ ಟೈ ರಾಡ್ ಎಂಡ್. ಆಮೇಲೆ ಚಕ್ರಗಳ ಬ್ಯಾಲೆನ್ಸ್ ಮತ್ತು ಕಮಾನಿನ ಬುಷ್ ನೋಡಬೇಕು. ಸ್ಟೀರಿಂಗ್ ಡ್ಯಾಂಪರ್ ಹಾಕಿಸಿದರೆ ಒದರಾಟ ಕೆಲವು ಕಾಲ ನಿಲ್ಲುತ್ತದೆ, ಆದರೆ ಒಳಗಿನ ಸವೆತ ಮುಂದುವರಿಯುತ್ತಲೇ ಇರುತ್ತದೆ.

ದೋಷ ಎರಡು: ನೆಲಹಾಸಿನ ನಡುಕ

ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿದೆ. ಗೇರ್‌ಬಾಕ್ಸಿನಿಂದ ಅಲ್ಲಿಗೆ ಒಂದು ಚಿಕ್ಕ ಶಾಫ್ಟ್, ಅಲ್ಲಿಂದ ಹಿಂದಕ್ಕೊಂದು ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟ್, ಹೀಗೆ ಒಟ್ಟು ಮೂರು. ಗಾಡಿ ಏರಿಸಿದಾಗ ಕೋನ ಬದಲಾಗುವುದು ಆಕ್ಸಲಿಗೆ ಹೋಗುವ ಎರಡಕ್ಕೆ ಮಾತ್ರ. ಈ ಸಂಗತಿಯನ್ನೇ ಬಳಸಿಕೊಂಡು ದೋಷವನ್ನು ಒಂದೊಂದಾಗಿ ಬೇರ್ಪಡಿಸಬಹುದು.

ಮೊದಲು ಗಾಡಿಯನ್ನು ಬಯಲಿನಲ್ಲಿ ನಿಲ್ಲಿಸಿ, ಚಕ್ರಗಳಿಗೆ ಅಡೆ ಕೊಟ್ಟು ಹ್ಯಾಂಡ್‌ಬ್ರೇಕ್ ಎಳೆದು, ಟ್ರಾನ್ಸ್‌ಫರ್ ಲಿವರನ್ನು ನ್ಯೂಟ್ರಲ್‌ಗೆ ತನ್ನಿ. ಈಗ ಗೇರ್ ಹಾಕಿ ಕ್ಲಚ್ ಬಿಟ್ಟು ಎಂಜಿನ್ ವೇಗ ಹೆಚ್ಚಿಸಿದರೆ ತಿರುಗುವುದು ಚಿಕ್ಕ ಶಾಫ್ಟ್ ಒಂದೇ. ನಡುಕ ಇಲ್ಲಿಯೇ ಕಾಣಿಸಿಕೊಂಡರೆ ಅದು ಲಿಫ್ಟ್‌ನಿಂದ ಬಂದದ್ದಲ್ಲ. ಆ ಶಾಫ್ಟಿನ ಕ್ರಾಸ್ (ಶಾಫ್ಟ್ ಕೋನದಲ್ಲೂ ತಿರುಗಲು ಬಿಡುವ ಯೂನಿವರ್ಸಲ್ ಜಾಯಿಂಟ್), ಎಂಜಿನ್ ಮೌಂಟ್, ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟ್ ಇವುಗಳನ್ನು ನೋಡಬೇಕು. ಇಲ್ಲಿ ಶಾಂತವಾಗಿದ್ದರೆ, ಎರಡು ಚಕ್ರದ ಓಟದಲ್ಲಿ, ಮುಂದಿನ ಹಬ್ ಬಿಡಿಸಿ ಒಮ್ಮೆ, ಲಾಕ್ ಮಾಡಿ ಒಮ್ಮೆ ಅದೇ ರಸ್ತೆಯಲ್ಲಿ ಅದೇ ವೇಗದಲ್ಲಿ ಓಡಿಸಿ. ಹಬ್ ಲಾಕ್ ಆದಾಗ ಮಾತ್ರ ನಡುಕ ಬಂದರೆ ತಪ್ಪು ಮುಂದಿನ ಶಾಫ್ಟಿನದು, ಎರಡರಲ್ಲೂ ಬಂದರೆ ಹಿಂದಿನದು. ಹಬ್ ಇಲ್ಲದ ಗಾಡಿಯಲ್ಲಿ ಮುಂದಿನ ಶಾಫ್ಟನ್ನು ಬಿಚ್ಚಿಟ್ಟು ಓಡಿಸಿ ನೋಡಬಹುದು.

ಎರಡು ಕ್ರಾಸ್ ಇರುವ ಶಾಫ್ಟಿಗೆ ಒಂದು ನಿಯಮವಿದೆ. ಕ್ರಾಸ್ ಕೋನದಲ್ಲಿ ಕೆಲಸ ಮಾಡುವಾಗ ಶಾಫ್ಟ್ ಪ್ರತಿ ಸುತ್ತಿನಲ್ಲೂ ಎರಡು ಬಾರಿ ವೇಗ ಹೆಚ್ಚಿಸಿ ಎರಡು ಬಾರಿ ಕುಗ್ಗಿಸಿ ತಿರುಗುತ್ತದೆ. ಇನ್ನೊಂದು ತುದಿಯ ಕ್ರಾಸ್ ಅಷ್ಟೇ ಕೋನದಲ್ಲಿದ್ದರೆ ಈ ಏರುಪೇರು ಅಲ್ಲಿಗೆ ಸಮವಾಗುತ್ತದೆ. ಅದಕ್ಕಾಗಿ ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಮತ್ತು ಡಿಫರೆನ್ಷಿಯಲ್ ಪಿನಿಯನ್ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಹಿಂದಿನ ಕಮಾನಿನ ಹಿಂತುದಿಗೆ ಉದ್ದದ ಶ್ಯಾಕಲ್ ಹಾಕಿದರೆ ಮೇಲಿನ ಲೆಕ್ಕದಂತೆಯೇ ಆಕ್ಸಲ್ ಸುಮಾರು 3 ಡಿಗ್ರಿ ಉರುಳಿ ಪಿನಿಯನ್ ಮೂತಿ ಮೇಲಕ್ಕೇಳುತ್ತದೆ. ಕೆಳಗೆ ಮಲಗಿ ನೋಡಿದವರಿಗೆ ಪಿನಿಯನ್ ಶಾಫ್ಟಿನತ್ತ ನೆಟ್ಟಗೆ ನೋಡುತ್ತಿರುವಂತೆ ಕಂಡು ಕೋನ ಸುಧಾರಿಸಿದೆ ಎನಿಸಬಹುದು, ಆದರೆ ನಡುಕ ಶುರುವಾಗುವುದು ಅಲ್ಲಿಯೇ. ಎರಡೂ ಫ್ಲೇಂಜುಗಳ ಮುಖಕ್ಕೆ ಮೊಬೈಲ್ ಆನಿಸಿ ಕೋನ ಓದಿ. ಗಾಡಿ ಚಕ್ರಗಳ ಮೇಲೆ ನಿಂತಿರುವಾಗ ಓದಬೇಕು. ಆಕ್ಸಲ್ ಜೋತಾಡುವಾಗ ಓದಿದ ಸಂಖ್ಯೆ ನಿಷ್ಪ್ರಯೋಜಕ. ವ್ಯತ್ಯಾಸ ಒಂದು ಡಿಗ್ರಿಗಿಂತ ಹೆಚ್ಚಿದ್ದರೆ ಬೆಣೆ ಬೇಕು. ಜಿಪ್ಸಿಯ ಹಿಂಭಾಗದಲ್ಲಿ ದಪ್ಪ ಬದಿ ಹಿಂದಕ್ಕಿಟ್ಟರೆ ಮೂತಿ ಇಳಿಯುತ್ತದೆ.

ಕೋನ ಸರಿಯಿದ್ದೂ ನಡುಗಿದರೆ, ಶಾಫ್ಟನ್ನು ಬಿಚ್ಚಿ ಜೋಡಿಸಿದಾಗ, ಶಾಫ್ಟ್ ಉದ್ದ ಗಿಡ್ಡ ಆಗಲು ಬಿಡುವ ಸ್ಲಿಪ್ ಜಾಯಿಂಟ್ ಒಂದು ಹಲ್ಲು ತಪ್ಪಿ ಕೂತಿರಬಹುದು. ಎರಡು ತುದಿಯಲ್ಲಿ ಕ್ರಾಸ್ ಹಿಡಿದಿರುವ ಯೋಕ್‌ಗಳ ಕಿವಿಗಳು ಒಂದೇ ಸಾಲಿನಲ್ಲಿರಬೇಕು. ಬಿಚ್ಚುವ ಮುನ್ನ ಬಣ್ಣದ ಗೆರೆ ಎಳೆದಿಟ್ಟರೆ ಈ ತೊಂದರೆಯೇ ಇಲ್ಲ. ಕ್ರಾಸ್ ಸೂಜಿಗಳ ಬಳಿ ಕಂದು ಪುಡಿ ಕಂಡರೆ ಗ್ರೀಸ್ ಒಣಗಿದೆ ಎಂದರ್ಥ, ಬದಲಾಯಿಸಬೇಕು. ಜೊತೆಗೆ ಚಾಸಿಸ್ ಎತ್ತಿ ಆಕ್ಸಲ್ ಪೂರ್ತಿ ಜೋತುಬಿದ್ದಾಗ ಸ್ಲಿಪ್ ಜಾಯಿಂಟಿನ ಒಳಗೆ ಎಷ್ಟು ಉಳಿದಿದೆ ಎಂದೂ ಅಳೆಯಿರಿ. ಹೊಳೆಯುವ ಹೊಸ ಭಾಗ ಬಹಳ ಹೊರಬಂದಿದ್ದರೆ ಹಳ್ಳ ದಾಟುವಾಗ ಶಾಫ್ಟ್ ಕಳಚಬಹುದು.

ಏರಿನಲ್ಲಿ ಗಾಡಿ ಎಳೆಯುವ ಕ್ಷಣದಲ್ಲಿ ಮಾತ್ರ ಹಿಂದಿನಿಂದ ದಡ್ ಎಂದರೆ ಕಮಾನು ತಿರುಚಿಕೊಳ್ಳುತ್ತಿದೆಯೇ ಎಂದು ನೋಡಬೇಕು. ಒಬ್ಬರು ಬ್ರೇಕ್ ಒತ್ತಿ ಹಿಡಿದು ಲೋ ಗೇರಿನಲ್ಲಿ ನಿಧಾನ ಕ್ಲಚ್ ಬಿಡುತ್ತಿರುವಾಗ, ಪಕ್ಕದಲ್ಲಿ ನೆಲಕ್ಕಿಟ್ಟ ಮೊಬೈಲಿನಿಂದ ಪಿನಿಯನ್ ಮೂತಿಯ ವಿಡಿಯೊ ತೆಗೆಯಿರಿ. ಗಾಡಿಯ ಮುಂದೆ, ಹಿಂದೆ, ಕೆಳಗೆ ಯಾರೂ ಇರಬಾರದು. ಮೂತಿ ಎದ್ದು ಕಮಾನು ಎಸ್ ಆಕಾರಕ್ಕೆ ಬಾಗುವುದು ವಿಡಿಯೊದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಹಿಂದೆ ಬ್ಲಾಕ್ ಇಟ್ಟಿರುವ ಗಾಡಿಗಳಲ್ಲಿ ಇದು ಹೆಚ್ಚು. ಬ್ಲಾಕ್ ತೆಗೆದು ಪಟ್ಟಿ ಸೇರಿಸುವುದು ಸರಿಯಾದ ಮದ್ದು.

ದೋಷ ಮೂರು: ಗುಂಡಿಗೆ ಇಳಿದಾಗ ಬಡಿತ, ಮತ್ತು ಬ್ರೇಕ್

ಹಳೆಯ ಶಾಕ್ ಅಬ್ಸಾರ್ಬರ್ ಹಾಗೆಯೇ ಇಟ್ಟು 50 ಮಿ.ಮೀ. ಏರಿಸಿದರೆ ಚಕ್ರ ಕೆಳಗಿಳಿಯುವ ಹಾದಿಯಲ್ಲಿ ಅಷ್ಟೇ ಕಡಿಮೆಯಾಗಿ, ಶಾಕ್ ಪೂರ್ತಿ ಎಳೆದು ಟಕ್ ಎನ್ನುತ್ತದೆ, ಕಾಲಕ್ರಮೇಣ ಒಳಗಿನ ಸೀಲ್ ಹರಿದು ಎಣ್ಣೆ ಸೋರುತ್ತದೆ. ಶಾಕಿನ ಕೆಳಗಿನ ಬೋಲ್ಟ್ ಬಿಚ್ಚಿ, ಆಕ್ಸಲ್ ಜೋತುಬಿಟ್ಟು, ಎರಡು ಮೌಂಟ್‌ಗಳ ಅಂತರ ಅಳೆದು, ಅದಕ್ಕಿಂತ ತುಸು ಉದ್ದ ಚಾಚುವ ಶಾಕ್ ಆರಿಸಿಕೊಳ್ಳಿ. ಕಮಾನು ಪೂರ್ತಿ ಒತ್ತಿಕೊಂಡಾಗ ಅದರ ಮುಚ್ಚಿದ ಉದ್ದವೂ ಹೊಂದಬೇಕು, ಇಲ್ಲವಾದರೆ ಬಂಪ್ ಸ್ಟಾಪರ್ ತಾಗುವ ಮೊದಲೇ ಶಾಕ್ ತಳ ಹೊಡೆದು ಮೌಂಟ್ ಕೀಳುತ್ತದೆ.

ಆಕ್ಸಲ್ ಹೀಗೆ ಜೋತಿರುವಾಗಲೇ ಬ್ರೇಕ್ ಹೋಸ್ ನೋಡಿಬಿಡಿ. ಸ್ಟೀರಿಂಗನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸುತ್ತಾ ಹೋಸ್ ಎಲ್ಲಾದರೂ ಬಿಗಿಯಾಗುತ್ತದೆಯೇ, ಟೈರಿಗೆ ಉಜ್ಜುತ್ತದೆಯೇ ಎಂದು ಬೆರಳಿಟ್ಟು ಪರೀಕ್ಷಿಸಬೇಕು. ಬಿಗಿಯಾಗುವುದಾದರೆ ಗಾಡಿ ಓಡಿಸಬಾರದು. ಅಲ್ಪಸ್ವಲ್ಪ ಕೊರತೆಗೆ ಚಾಸಿಸ್ ಮೇಲಿನ ಬ್ರಾಕೆಟ್ಟನ್ನು ಕೆಳಗಿಳಿಸಿದರೆ ಸಾಲುತ್ತದೆ, ಇಲ್ಲವಾದರೆ ಉದ್ದದ ಹೋಸ್ ಹಾಕಿಸಿ. ಆಕ್ಸಲಿನ ಬ್ರೀದರ್ ಪೈಪ್ ಮತ್ತು ಹ್ಯಾಂಡ್‌ಬ್ರೇಕ್ ಕೇಬಲ್ ಕೂಡ ಇದೇ ಪರೀಕ್ಷೆಗೆ ಒಳಪಡಬೇಕು.

ಬ್ರೇಕ್ ಹಿಡಿದಾಗ ಮುಂಭಾಗ ವಿಪರೀತ ಮುಗ್ಗರಿಸಿ ಹಿಂದಿನ ಬ್ರೇಕ್ ಹಿಡಿಯದಂತೆ ತೋರಿದರೆ, ಗಾಡಿಗೆ ಹಿಂದಿನ ಆಕ್ಸಲಿಗೆ ಜೋಡಿಸಿದ ಲೋಡ್ ಸೆನ್ಸಿಂಗ್ ವಾಲ್ವ್ ಇದೆಯೇ ನೋಡಿ. ಚಾಸಿಸ್ ಎದ್ದಾಗ ಆ ವಾಲ್ವ್ ಗಾಡಿ ಖಾಲಿಯಿದೆ ಎಂದೇ ಭಾವಿಸಿ ಹಿಂದಿನ ಬ್ರೇಕಿನ ಒತ್ತಡ ಕಡಿಮೆ ಮಾಡುತ್ತದೆ. ಅದರ ಕೊಂಡಿಯನ್ನು ಲಿಫ್ಟ್‌ನಷ್ಟೇ ಹೊಂದಿಸಬೇಕು.

ಮುಂದೆ ಟಾರ್ಷನ್ ಬಾರ್ ಇರುವ ಗಾಡಿಗಳು

2010ರ ಥಾರ್ ಸಿಆರ್‌ಡಿಇಯಂತೆ ಮುಂದೆ ಸ್ವತಂತ್ರ ಸಸ್ಪೆನ್ಷನ್ ಮತ್ತು ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನಂತೆ ಕೆಲಸ ಮಾಡುವ ಸರಳು) ಇರುವ ಗಾಡಿಯಲ್ಲಿ ಅದರ ಬೋಲ್ಟ್ ಬಿಗಿದರೆ ಮುಂಭಾಗ ಏಳುತ್ತದೆ, ಖರ್ಚೇ ಇಲ್ಲ. ಆದರೆ ಇದರಿಂದ ನೆಲದ ಅಂತರ ಹೆಚ್ಚಿದಷ್ಟೇ ಚಕ್ರ ಕೆಳಗಿಳಿಯುವ ಹಾದಿ ಕಡಿಮೆಯಾಗುತ್ತದೆ. ಚಕ್ರಕ್ಕೆ ಬಲ ಒಯ್ಯುವ ಸಿವಿ ಜಾಯಿಂಟಿನ ಕೋನ ಹೆಚ್ಚಿ ರಬ್ಬರ್ ಬೂಟು ಹರಿಯುತ್ತದೆ, ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಟೋ ಎರಡೂ ಬದಲಾಗಿ ಟೈರಿನ ಒಂದೇ ಅಂಚು ಸವೆಯುತ್ತದೆ. ಹಂಪ್ ಇಳಿದಾಗ ಮೇಲಿನ ಆರ್ಮ್ ರಬ್ಬರಿಗೆ ಬಡಿಯುವ ಸದ್ದು ಕೇಳಿದರೆ ಬಿಗಿದದ್ದು ಅತಿಯಾಯಿತು ಎಂದು ತಿಳಿದು ಸಡಿಲಿಸಬೇಕು. ಇಲ್ಲಿ ಅಲೈನ್‌ಮೆಂಟ್ ಕಡ್ಡಾಯ.

ಕಾನೂನು ಮತ್ತು ಖರ್ಚು

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ನೋಂದಣಿಯಲ್ಲಿರುವ ವಿವರ ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ತಯಾರಕರ ಮೂಲ ವಿನ್ಯಾಸದಿಂದ ಆಚೆ ಹೋಗುವ ಮಾರ್ಪಾಡುಗಳ ವಿರುದ್ಧ ತೀರ್ಪು ನೀಡಿತು. ಅಪಘಾತವಾದಾಗ ವಿಮೆಯವರು ಎತ್ತುವ ಮೊದಲ ತಕರಾರೂ ಇದೇ. ಇಳಿದ ಕಮಾನನ್ನು ಮೂಲ ಎತ್ತರಕ್ಕೆ ತರುವುದು ದುರಸ್ತಿಯಾದ್ದರಿಂದ, ಖರ್ಚಿನ ದೃಷ್ಟಿಯಿಂದ ಹೇಗೋ ಹಾಗೆಯೇ ಕಾನೂನಿನ ದೃಷ್ಟಿಯಿಂದಲೂ ಆ ದಾರಿಯೇ ನಿರಾಳ.

ಉಳಿತಾಯ ಮಾಡಬಹುದಾದ ಕಡೆಗಳಿವೆ. ಬೆಣೆ ಮತ್ತು ಬ್ರಾಕೆಟ್ ಲೇತ್ ಅಂಗಡಿಯಲ್ಲಿ ಮಾಡಿಸಬಹುದು, ಶಾಕ್ ಸಾಮಾನ್ಯ ದರ್ಜೆಯದಾದರೂ ನಡೆದೀತು. ಯೂ-ಬೋಲ್ಟ್ ಮಾತ್ರ ಪ್ರತಿ ಬಾರಿ ಹೊಸದೇ ಇರಬೇಕು, ಏಕೆಂದರೆ ಒಮ್ಮೆ ಬಿಗಿದ ಬೋಲ್ಟ್ ಎಳೆದು ಉದ್ದವಾಗಿರುತ್ತದೆ, ಮತ್ತೆ ಅದೇ ಹಿಡಿತ ಕೊಡುವುದಿಲ್ಲ. ಶ್ಯಾಕಲ್ ಪಟ್ಟಿಯನ್ನು ಎರಡು ತುಂಡು ವೆಲ್ಡ್ ಮಾಡಿ ಉದ್ದ ಮಾಡಿದ್ದರೆ ತೆಗೆದುಹಾಕಿ, ಬೋಲ್ಟ್ 8.8 ದರ್ಜೆಗಿಂತ ಕಡಿಮೆಯದಿರಬಾರದು.

ಜೋಡಿಸುವಾಗ ಆಗುವ ಒಂದು ತಪ್ಪಿನಿಂದ ಗಾಡಿ ಒಂದು ಬದಿಗೆ ವಾಲುವುದು, ಕಿರುಗುಟ್ಟುವುದು, ಬುಷ್ ಬೇಗ ಹರಿಯುವುದು ಮೂರೂ ಬರುತ್ತವೆ. ಆಕ್ಸಲ್ ಜೋತಾಡುತ್ತಿರುವಾಗಲೇ ಶ್ಯಾಕಲ್ ಮತ್ತು ಕಮಾನಿನ ಕಣ್ಣಿನ ಬೋಲ್ಟುಗಳನ್ನು ಪೂರ್ತಿ ಬಿಗಿದರೆ, ಗಾಡಿ ಕೆಳಗಿಳಿದಾಗ ರಬ್ಬರ್ ಬುಷ್ ತಿರುಚಿಕೊಂಡೇ ಉಳಿಯುತ್ತದೆ. ಬೋಲ್ಟುಗಳನ್ನು ಸಡಿಲವಾಗಿಯೇ ಇಟ್ಟು, ಗಾಡಿಯನ್ನು ಚಕ್ರಗಳ ಮೇಲೆ ಇಳಿಸಿ, ಬಂಪರ್ ಹಿಡಿದು ನಾಲ್ಕಾರು ಬಾರಿ ಕುಲುಕಿ ಕೂರಿಸಿದ ಮೇಲೆ ಬಿಗಿಯಬೇಕು. ಯೂ-ಬೋಲ್ಟುಗಳನ್ನು ಕರ್ಣದ ಕ್ರಮದಲ್ಲಿ, ಟಾರ್ಕ್ ರೆಂಚಿನಿಂದ ಬಿಗಿದು, 100 ಕಿ.ಮೀ. ಓಡಿದ ಮೇಲೊಮ್ಮೆ, 500 ಕಿ.ಮೀ. ಆದ ಮೇಲೊಮ್ಮೆ ಮತ್ತೆ ಪರಿಶೀಲಿಸಿ. ಹೊಸ ಪಟ್ಟಿಗಳ ನಡುವಿನ ಬಣ್ಣ ಉಜ್ಜಿ ಹೋದಂತೆ ಬಿಗಿ ಸಡಿಲಾಗುತ್ತದೆ. ಹಬ್ಬಿನಿಂದ ಮಡ್‌ಗಾರ್ಡಿನವರೆಗಿನ ಅಳತೆಯನ್ನು ಆಗಲೇ ಮತ್ತೊಮ್ಮೆ ತೆಗೆದು ಬರೆದಿಡಿ. ಹೊಸ ಕಮಾನು ಎಷ್ಟು ಕೂತಿತು ಎಂಬುದು ತಿಳಿಯುತ್ತದೆ, ಹೆಡ್‌ಲೈಟಿನ ಬೆಳಕನ್ನು ಕೆಳಗಿಳಿಸಿ ಹೊಂದಿಸುವ ಕೆಲಸವನ್ನೂ ಆ ಅಳತೆಯ ನಂತರವೇ ಮಾಡಿ.